ಅತ್ತೆಯ ಗೆರೆ

ನಮ್ಮ ಮಾವ ನಲವತ್ತು ವರ್ಷ ಬಡಗಿಯಾಗಿದ್ದವರು. ಪ್ಲಾಸ್ಟಿಕ್ ಕಂಡರೆ ಅವರಿಗೆ ಆಗಿಬರುವುದಿಲ್ಲ. ಅಂಥವರನ್ನು ಬಚ್ಚಲಿನ ಗೋಡೆಗೆ ಪಿವಿಸಿ ಹಲಗೆ ಹುಡುಕಲು ಕರೆದುಕೊಂಡು ಹೋದ ನನ್ನ ಬುದ್ಧಿಗೆ ಏನನ್ನಬೇಕು?

ಹಳೆಯ ಟೈಲ್ಸ್ ಉದುರುತ್ತಿದ್ದವು, ಅದಿರಲಿ. ಅತ್ತೆಗೆ ಕಣ್ಣು ಮಂಜಾಗುತ್ತ ಬಂದು ಈಗ ಬೆಳಕು, ನೆರಳು ಅಷ್ಟೇ ಕಾಣುತ್ತದೆ. ಹೋದ ತಿಂಗಳು ಬಚ್ಚಲಿನ ಗೋಡೆ ತಡವುತ್ತ ತಣ್ಣೀರೆಂದು ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡರು. ಅಂದಿನಿಂದ ಸ್ನಾನ ಮಾಡಿಸಲು ನಾನು ಹೋಗುತ್ತಿದ್ದೆ. ನನಗದು ಭಾರವಲ್ಲ, ಅವರಿಗೆ ಭಾರ. ದಿನವಿಡೀ ವಟವಟ ಎನ್ನುವ ಹೆಂಗಸು ಬಚ್ಚಲಿನಲ್ಲಿ ನನ್ನೆದುರು ಒಂದು ಮಾತೂ ಆಡದೆ ಕೂರುತ್ತಿದ್ದರು.

ಅಂಗಡಿಯಲ್ಲಿ ಮಾವ ಒಂದೊಂದೇ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮೂಸಿ, ಮೂಗು ಮುರಿದರು. ಐದು ಮಾದರಿ ತುಂಡು ತಂದು ಒಂದು ವಾರ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರು. ಎರಡರ ಮೇಲಿನ ಪದರ ಎದ್ದಿತು. ಮೂರಕ್ಕೆ ಏನೂ ಆಗಲಿಲ್ಲ, ಮಾವನಿಗೆ ಅದೇ ಬೇಜಾರು.

ಅತ್ತೆ ಮೂರನ್ನೂ ಸವರಿ ನೋಡಿದರು. ಒಂದರಲ್ಲಿ, ಹಲಗೆಗೆ ಹಲಗೆ ಕೂಡುವ ಅಂಚಿನಲ್ಲಿ, ಬೆರಳು ಕೂರುವಷ್ಟು ಆಳವಾದ ಗೆರೆಯಿತ್ತು.

"ಇದೇ ಇರ್ಲಿ. ಅಡ್ಡಡ್ಡ ಹಾಕಿ. ಗೆರೆ ಹಿಡ್ಕೊಂಡು ಹೋದ್ರೆ ನಲ್ಲಿ ಸಿಗತ್ತೆ."

"ಅಡ್ಡ ಹಾಕಿದ್ರೆ ಗೆರೇಲಿ ನೀರು ನಿಲ್ಲತ್ತೆ ಕಣೇ. ಬಚ್ಚಲಲ್ಲಿ ಯಾವ ಬಡಗೀನೂ ಹಾಗೆ ಹಾಕಲ್ಲ."

"ಸ್ನಾನ ಮಾಡೋದು ನಾನಾ, ಬಡಗೀನಾ?"

ಮಾವ ಅದೇ ಹಲಗೆ ತಂದು ತಾವೇ ಕೆಲಸ ಶುರುಮಾಡಿದರು. ಎರಡು ದಿನದ ಮೇಲೆ ನಾನು ಕೆಲಸದಿಂದ ಬಂದು ನೋಡಿದರೆ ಒಂದು ಗೋಡೆಗೆ ಹಲಗೆಗಳೆಲ್ಲ ನೆಟ್ಟಗೆ ನಿಂತಿದ್ದವು. ನನಗೆ ಪಿತ್ತ ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಮಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆ ತಡವುತ್ತಿದ್ದರು. ಬೆರಳು ಗೆರೆಯಲ್ಲಿ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ನಲ್ಲಿಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ.

"ಸಿಗ್ತಿಲ್ಲ ಕಣಮ್ಮ," ಎಂದರು, ಕಣ್ಣು ತೆರೆಯದೆ.

ಮರುದಿನ ಅಷ್ಟನ್ನೂ ಕಿತ್ತು ಅಡ್ಡ ಹಾಕಿದರು. ನೀರು ನಿಲ್ಲದಂತೆ ಗೆರೆಗಳನ್ನೆಲ್ಲ ಸಿಲಿಕೋನ್‌ನಿಂದ ತುಂಬಿ ಎರಡನ್ನು ಮಾತ್ರ ಬಿಟ್ಟರು. ಬಾಗಿಲಿನಿಂದ ಹೊರಟರೆ ಕೆಳಗಿನ ಗೆರೆ ತಣ್ಣೀರಿನ ನಲ್ಲಿಗೆ, ಮೇಲಿನದು ಬಿಸಿನೀರಿನ ನಲ್ಲಿಗೆ. "ಆ ಎರಡನ್ನ ದಿನಾ ನಾನೇ ಒರೆಸ್ತೀನಿ" ಎಂದರು.

ಅಂದು ಅತ್ತೆ ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ನಿಂತೆ. ಮಾವ ಸುಮ್ಮನೆ ಬಾಗಿಲಿನ ಚೌಕಟ್ಟನ್ನು ಟೇಪು ಹಿಡಿದು ಅಳೆಯುತ್ತಿದ್ದರು. ನಲ್ಲಿ ತಿರುಗಿದ ಸದ್ದಾಯಿತು, ಇನ್ನೊಂದು ನಲ್ಲಿ, ಆಮೇಲೆ ಚೊಂಬು ಬಕೆಟ್ಟಿಗೆ ತಾಗಿದ್ದು.

"ರೀ, ಟೇಪಿನ ಸದ್ದು ಕೇಳ್ತಿದೆ. ಅಳೆದಿದ್ದು ಸಾಕು, ಇಬ್ಬರೂ ಹೋಗಿ ಕಾಫಿ ಕುಡೀರಿ. ಅಡುಗೆಮನೆ ಗೋಡೆಗೂ ಇದೇ ಹಲಗೆ ಹಾಕ್ಬೇಕು, ಒಲೆ ಹತ್ರ ನಂಗೆ..."

ಒಳಗೆ ಮಾತು ಶುರುವಾಗಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಮಾವ ಕಾಫಿಗೆ ಹೋಗಲಿಲ್ಲ. ಟೇಪನ್ನು ಜೇಬಿಗೆ ಹಾಕಿಕೊಂಡು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತು, "ಹ್ಞೂಂ... ಹ್ಞೂಂ" ಎನ್ನತೊಡಗಿದರು.