ಹನಿಯ ಅಂಚು

ಹಿತ್ತಲಲ್ಲಿ ಒಗೆದ ಹೊದಿಕೆಯ ಒಂದು ತುದಿಯನ್ನು ಅತ್ತೆ ಬಿಗಿಯಾಗಿ ಹಿಡಿದಿದ್ದರು. ಇನ್ನೊಂದು ತುದಿಯನ್ನು ಅವಳು ತಿರುಚಿ ಹಿಂಡುತ್ತಿದ್ದಳು. ಕಣ್ಣು ಮಾತ್ರ ಕಿಟಕಿಯಾಚೆ, ಕೋಣೆಯೊಳಗಿನ ಕಂಪ್ಯೂಟರಿನ ಮೇಲೆ.

"ಅದೇನು ಓಡಿಹೋಗಲ್ಲ ಕಣಮ್ಮ. ಇಲ್ಲಿ ನೋಡ್ಕೊಂಡು ಹಿಂಡು, ನನ್ನ ಕಾಲೆಲ್ಲ ಒದ್ದೆ," ಎಂದರು ಅತ್ತೆ.

ಕಂಪ್ಯೂಟರಿನಲ್ಲಿ ಓಡುತ್ತಿದ್ದ ಲೆಕ್ಕ ಮುಗಿದಿತ್ತು. ಕೈ ಒರೆಸಿಕೊಂಡು ಹೋಗಿ ನೋಡಿದರೆ ಉತ್ತರ ಮತ್ತೆ ಅದೇ.

ಧನ ವಿದ್ಯುದಂಶ ಹೊತ್ತ ಪಾಲಿಮರ್ ಸರಪಳಿಗಳನ್ನೂ ಋಣ ವಿದ್ಯುದಂಶ ಹೊತ್ತವುಗಳನ್ನೂ ಉಪ್ಪುನೀರಿಗೆ ಹಾಕಿದರೆ, ಅವು ಒಂದನ್ನೊಂದು ತಬ್ಬಿಕೊಂಡು ಮಂದವಾದ ಹನಿಗಳಾಗುತ್ತವೆ. ಆ ಹನಿಯ ಅಂಚು ಎಷ್ಟು ಬಿಗಿಯಾಗಿದೆ ಎಂದು ಸಮೀಕರಣಗಳಿಂದ ಹೇಳುವುದು ಅವಳ ಕೆಲಸ. ಅದನ್ನೇ ಪ್ರಯೋಗಾಲಯದಲ್ಲಿ ಅಳೆಯುವ ಗೆಳತಿಗೆ ಹನಿಯಮ್ಮ ಎಂದೇ ಹೆಸರು ಬಿದ್ದಿತ್ತು. ಹನಿಯಮ್ಮನ ಅಳತೆಗಿಂತ ಅವಳ ಲೆಕ್ಕ ಯಾವಾಗಲೂ ದುಪ್ಪಟ್ಟು.

ಅವಳ ಸಂಶೋಧನೆಯ ಮಾರ್ಗದರ್ಶಕರಾದ ಮೇಷ್ಟ್ರು ಇದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಹನಿಯಮ್ಮನ ಅಳತೆಯಲ್ಲಿ ದೋಷವಿರಬಹುದು ಅಂತ ಒಂದು ಸಾಲು ಸೇರಿಸಿ ಲೇಖನ ಕಳಿಸಿಬಿಡು ಎಂದಿದ್ದರು. ಮಕ್ಕಳು ದೊಡ್ಡವರಾಗುವ ತನಕ ಮನೆಯಲ್ಲಿದ್ದು ಸಂಶೋಧನೆಗೆ ಮರಳಿ ಬಂದವಳು ಅವಳು. ಈ ತಿಂಗಳು ಲೇಖನ ಹೋಗದಿದ್ದರೆ ಹುದ್ದೆ ಮುಂದುವರಿಯುವ ಭರವಸೆಯಿರಲಿಲ್ಲ. ಹನಿಯಮ್ಮನಿಗೆ ವಿಷಯ ತಿಳಿದಾಗ ಅವಳು ಜಗಳವಾಡಲಿಲ್ಲ.

"ಆ ಸಾಲು ಹಾಕ್ಕೊಳ್ಳೇ, ನಿನ್ನ ಕೆಲಸ ಉಳೀಲಿ. ಆದ್ರೆ ನನ್ನ ಹನಿ ಸುಳ್ಳು ಹೇಳಲ್ಲ ಕಣೆ."

ಆ ಮಾತು ಮುಳ್ಳಿನಂತೆ ಉಳಿದುಕೊಂಡಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತು, ಇಷ್ಟು ದಿನ ತಿರುಗಿಯೂ ನೋಡದಿದ್ದ ಲೆಕ್ಕದ ಮೊದಲ ಸಾಲುಗಳಿಗೆ ಹೋದಳು. ಪ್ರತಿ ಬಿಂದುವಿನಲ್ಲೂ ಧನ ಮತ್ತು ಋಣ ಸಮವಾಗಿರಬೇಕು ಎಂಬ ನಿಯಮ ಅಲ್ಲಿತ್ತು. ಲೆಕ್ಕ ಹಗುರಾಗಲೆಂದು ಕಲಿತ ದಿನದಿಂದ ಕೈ ತಾನಾಗಿ ಬರೆಯುತ್ತಿದ್ದ ನಿಯಮ. ಹನಿಯ ಒಳಗೆ ಅದು ಸರಿ, ದೂರದ ನೀರಿನಲ್ಲೂ ಸರಿ. ಅಂಚಿನಲ್ಲಿ? ಅವಳ ಸರಪಳಿಗಳಲ್ಲಿ ಒಂದು ಬಗೆ ಉದ್ದ, ಇನ್ನೊಂದು ಗಿಡ್ಡ. ಗಿಡ್ಡವು ತುಸು ಹೊರಗೆ ಚಾಚಿದರೆ ಧನ ಒಂದು ಪಕ್ಕ, ಋಣ ಇನ್ನೊಂದು ಪಕ್ಕ ಕೂಡುತ್ತವೆ. ಆಗ ಅಂಚಿನ ಬಿಗಿ ಸಡಿಲವಾಗಲೇಬೇಕು.

ಎಲ್ಲಕ್ಕಿಂತ ಸುಲಭದ ಒಂದು ಉದಾಹರಣೆಯಲ್ಲಿ ಆ ನಿಯಮವನ್ನು ತೆಗೆದು ಲೆಕ್ಕವನ್ನು ಮತ್ತೆ ಓಡಿಸಿದಳು. ಸಂಖ್ಯೆ ಇಳಿಯಿತು. ಹನಿಯಮ್ಮನ ಅಳತೆಯನ್ನು ಮುಟ್ಟಲಿಲ್ಲ, ಆದರೆ ಅದರ ಕಡೆಗೇ ಇಳಿಯಿತು. ಅವಳ ಎದೆ ಹಗುರಾಯಿತು. ಆದರೆ ಲೇಖನದ ಉಳಿದ ಉದಾಹರಣೆಗಳನ್ನೆಲ್ಲ ಹೀಗೆ ಮಾಡಬೇಕೆಂದರೆ ತಿಂಗಳುಗಳೇ ಬೇಕು.

ಅತ್ತೆ ಬಾಗಿಲಲ್ಲಿ ಇಣುಕಿದರು. "ಏನು, ಮುಖ ಅರಳಿದೆ? ಮುಗೀತಾ?"

"ಇಲ್ಲ ಅತ್ತೆ, ಈಗ ಶುರುವಾಯ್ತು."

"ಸರಿಹೋಯ್ತು," ಎಂದು ಅವರು ಒಳಗೆ ಹೋದರು.

ಮೇಜಿನ ಮೇಲಿದ್ದ ಫೋನಿನಲ್ಲಿ ಮೇಷ್ಟ್ರ ಸಂದೇಶ ಬಂದಿತ್ತು: ಇವತ್ತು ಕಳಿಸ್ತೀಯಲ್ಲ? ಅವಳು ಅದನ್ನು ಓದಿ ಫೋನನ್ನು ಮಗುಚಿಟ್ಟಳು. ಲೇಖನ ಇವತ್ತು ಹೋಗುವುದಿಲ್ಲ, ಈ ತಿಂಗಳೂ ಹೋಗುವುದಿಲ್ಲ. ಮೇಷ್ಟ್ರಿಗೆ ನಾಳೆ ಹೇಳಿದರಾಯಿತು. ಅವಳು ಎರಡನೆಯ ಉದಾಹರಣೆಯನ್ನು ತೆರೆದಳು.