ಅಲಕಾಳ ಸೂರಿಗೆ ಕಟ್ಟಿದ ಹಂದರ

ತಂಗಿಯ ಮಗಳ ಮದುವೆಗೆ ಹಾಲಗಂಬ ನೆಟ್ಟವನು ನಾನು. ನಮ್ಮಲ್ಲಿ ಅದು ಸೋದರಮಾವನ ಕೆಲಸ. ಅತ್ತಿಮರದ ಹಸಿ ಟೊಂಗೆ ಕಡಿದು ತಂದು, ಅರಿಷಿಣ ಕುಂಕುಮ ಹಚ್ಚಿ, ಹಂದರದ ಮೂಲೆಯಲ್ಲಿ ನೆಡಬೇಕು. ಆಮೇಲೆ ಮದುವೆಯ ಅಕ್ಕಿಕಾಳು ಬಿದ್ದು, ಹುಡುಗಿ ಗಂಡನ ಮನೆಗೆ ಹೋಗಿ ಬರುವ ತನಕ ಹಂದರ ಬಿಚ್ಚಬಾರದು. ಗಂಬ ಕದಲಿಸುವ ಹೊತ್ತು ಬಂದರೂ ನೆಟ್ಟ ಕೈಯೇ ಕದಲಿಸಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ.

ನಾನು ಪೀರನವಾಡಿಯಿಂದ ಖಾನಾಪುರಕ್ಕೆ ಬಸ್ಸು ಹತ್ತಿ ಬಂದದ್ದು ಅದಕ್ಕೇ. ಗಂಬ ನೆಟ್ಟ ಮರುದಿನ ಮುಂಜಾನೆ ಎಲ್ಲರ ಮೊಬೈಲೂ ಒಮ್ಮೆಲೇ ಚೀರಿದವು. ಗೋವಾದ ಕಡೆಯಿಂದ ತೂಫಾನು ಏರಿ ಬರುತ್ತದೆ, ಮಧ್ಯಾಹ್ನದ ಮೇಲೆ ಯಾರೂ ಹೊರಗೆ ಬರಬೇಡಿ ಎಂದು. ಮದುವೆ ಇದ್ದದ್ದು ಅದರ ಮಾರನೆಯ ದಿನ, ಬೆಳಗಾವಿಯಲ್ಲಿ. ಗಂಡಿನವರು ಶಹಾಪುರದವರು.

ತಂಗಿ ಕಾಂತಾಳದು ಸ್ಲ್ಯಾಬಿನ ಮನೆ, ಎರಡು ಅಂತಸ್ತು. ಅದಕ್ಕೇನೂ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಓಣಿ ಸಣ್ಣದು. ಹಂದರಕ್ಕೆ ಒಂದು ಕಡೆ ಕಬ್ಬಿಣದ ಪೈಪು ನಿಲ್ಲಿಸಲು ಜಾಗ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ. ಆ ಕಡೆಯ ಹಗ್ಗಗಳನ್ನೆಲ್ಲ ತಂದು ಎದುರಿನ ಹಂಚಿನ ಮನೆಯ ಸೂರಿನ ತೊಲೆಗೆ ಬಿಗಿದಿದ್ದರು. ಆ ಮನೆ ಪಂಢರಿನಾಥನದು. ಅವನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿದೆ. ಅದೇ ತೊಲೆಯ ಕೆಳಗೆ, ಪಡಸಾಲೆಯಲ್ಲಿ ಮಲಗಿರುತ್ತಾನೆ. ಹೆಂಡತಿ ಅಲಕಾ ಒಬ್ಬಳೇ ಅವನನ್ನು ಎತ್ತಿ ಕೂಡಿಸುವುದು, ತೊಳೆಯುವುದು.

ಹಂದರದ ಮೇಲೆ ತಗಡಿನ ಪತ್ರಾ ಹೊದಿಸಿದ್ದು ಸಾಲದೆಂದು ಅದರ ಮೇಲೆ ಒಂದು ಫ್ಲೆಕ್ಸ್ ನಿಲ್ಲಿಸಿದ್ದರು. ಓಣಿಯ ಅಗಲದಷ್ಟು ಫ್ಲೆಕ್ಸ್. ಅದರಲ್ಲಿ ಮದುವೆಯ ಹುಡುಗಿ ಮಾಯಾ ಅಂಗೈಯಷ್ಟು, ಅವಳಪ್ಪ ನಾಗಲಿಂಗ ಆಳೆತ್ತರ, ಕೈಮುಗಿದು ನಗುತ್ತಿದ್ದ. ಬರುವ ಚುನಾವಣೆಗೆ ವಾರ್ಡಿನಿಂದ ನಿಲ್ಲುವ ವಿಚಾರ ಅವನಿಗಿತ್ತು. ಮದುವೆಯ ನೆಪದಲ್ಲಿ ದೊಡ್ಡ ಮನುಷ್ಯರು ಮನೆಗೆ ಬಂದುಹೋಗುವವರಿದ್ದರು, ಅವರ ಕಣ್ಣಿಗೆ ಬೀಳಲೆಂದು.

ಆ ಮುಂಜಾನೆ ಮನೆಯಲ್ಲಿ ತೂಫಾನಿಗೆ ತಯಾರಿ ನಡೆಯಿತು. ಜನರೇಟರಿಗೆ ಎಣ್ಣೆ ತುಂಬಿದರು. ಹಾಲಿನ ಪಾಕೀಟು ತಂದು ಬಕೆಟ್ಟಿನಲ್ಲಿಟ್ಟರು. ಗಾಡಿಗಳನ್ನು ಗಿಡದ ಬುಡದಿಂದ ತೆಗೆದು ದೂರ ನಿಲ್ಲಿಸಿದರು. ಬೂಂದಿಯ ಪಾತೇಲಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಒಳಕೋಣೆಯಲ್ಲಿ ಕೂಸಿನ ಹಾಗೆ ಬೆಚ್ಚಗೆ ಇಟ್ಟರು. ಹಂದರದ ಸುದ್ದಿ ಯಾರೂ ಎತ್ತಲಿಲ್ಲ.

ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಓಣಿಯ ಆಚೆ ಅಲಕಾ ಏಣಿ ಹಚ್ಚಿ ಹಂಚಿನ ಮೇಲೆ ಕಲ್ಲು ಇಡುತ್ತಿದ್ದಳು. ಪೆಂಡಾಲಿನ ಬೀರೇಶ ಮೋಡದ ಕಡೆ ಒಮ್ಮೆ, ಫ್ಲೆಕ್ಸಿನ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಬಂದ.

"ಯಜಮಾನ್ರ, ಗಾಳಿ ಬಂತಂದ್ರ ಇದು ಹಾಯಿ ಆದಂಗ ಆಗತೈತ್ರಿ. ಆ ಮನಿ ತೊಲಿ ಕಿತ್ತಕೊಂಡ ಹೋಗತೈತಿ. ಬಿಚ್ಚಿಬಿಡೂಣ್ರಿ. ನಾಳೆ ಬೇಕಾರ ಮತ್ತ ಕಟ್ಟಿಕೊಡತೇನಿ."

"ಹಂಗಾರ ಬಿಚ್ಚಿಬಿಡು ಮತ್ತ."

"ಗಂಬ ನೀವು ಮುಟ್ಟದ ನಾ ಹೆಂಗ ಬಿಚ್ಚಲ್ರಿ? ನಾಳೆ ಇವರ ಮನ್ಯಾಗ ಏನರ ಆದ್ರ ಬೀರ್ಯಾ ಬಿಚ್ಚಿದ್ದಕ್ಕ ಆತು ಅಂತಾರ. ಹತ್ತು ಮದುವಿ ಕೈಬಿಡತಾವ."

ನಾನು ಒಳಗೆ ಹೋದೆ. ಪಡಸಾಲೆಯ ತುಂಬ ನೆಂಟರು. ಟೀವಿಯಲ್ಲಿ ಸಮುದ್ರದ ದಂಡೆಯ ಮನೆಗಳು ಬೀಳುವುದನ್ನು ತೋರಿಸುತ್ತಿದ್ದರು. ನಮ್ಮವರು ಬೂಂದಿ ಮೆಲ್ಲುತ್ತ, "ಏ, ನೋಡ ನೋಡ, ಹ್ವಾತು" ಎಂದು ನಗುತ್ತಿದ್ದರು. ಒಬ್ಬ ಗುಟಕಾ ಉಗುಳುವುದಕ್ಕೆ ಎದ್ದು ಹೋಗುವ ಬೇಸರಕ್ಕೆ ಕುಡಿದಿಟ್ಟ ಚಹಾದ ಕಪ್ಪಿನಲ್ಲೇ ಉಗುಳಿದ. ಮುಚ್ಚಿದ ಕಿಟಕಿ, ಕರಿದ ಎಣ್ಣೆ, ಬೆವರು, ಅತ್ತರು. ಹೆಗಲ ಮೇಲಿನ ವಸ್ತ್ರ ಮೂಗಿಗೆ ಒತ್ತಿಕೊಂಡೆ.

"ನಾಗಲಿಂಗಪ್ಪ, ಹಂದರ ಬಿಚ್ಚೂಣು. ಪಂಢರಿನಾಥನ ಸೂರು ಹೋಗತೈತಿ" ಎಂದೆ.

ನಾಗಲಿಂಗ ಮೊಬೈಲಿನಿಂದ ತಲೆ ಎತ್ತಿದ. "ಅಣ್ಣಾರ, ನೀವ ಹಿರ್ಯಾರಾಗಿ ಹಿಂಗಂದ್ರ? ಹಾಲಗಂಬ ನೆಟ್ಟ ಮ್ಯಾಲ ಹಂದರ ಬಿಚ್ಚತಾರನ? ಶಾಸ್ತ್ರ ಐತೋ ಇಲ್ಲೋ?"

"ಹಂಗಾರ ಗಂಬ ಇರ್ಲಿ. ಮ್ಯಾಲಿನ ಫ್ಲೆಕ್ಸ್ ಒಂದ ಇಳಸು. ಅದಕ್ಯಾವ ಶಾಸ್ತ್ರ?"

ಅವನು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ. ನೆಂಟನೊಬ್ಬ ನಕ್ಕ. "ಅದಕ್ಕೂ ಅರಿಷಿಣ ಹಚ್ಚ್ಯಾರ್ರೀ ಮಾವಾರ, ಕಾಣಸಲಿಲ್ಲೇನು?" ಎಲ್ಲರೂ ನಕ್ಕರು. ನಾಗಲಿಂಗನೂ ನಕ್ಕ, ಫ್ಲೆಕ್ಸಿನಲ್ಲಿ ನಕ್ಕ ಹಾಗೆಯೇ.

ಅಷ್ಟರಲ್ಲಿ ಅಲಕಾ ಬಾಗಿಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಗೆ ಹಂಚಿನ ಪಾಚಿ. ಒಳಗೆ ಕಾಲಿಡದೆ ಹೊರಗೇ ನಿಂತು, "ನಾಗಲಿಂಗ ಭಾವೂ, ತೊಲಿ ಕರಕರ ಅನ್ನಾಕತ್ತೇತಿ. ಹಗ್ಗ ಒಂದ ಸಡ್ಲ ಮಾಡ್ರಿ" ಎಂದಳು.

"ವೈನಿ, ಒಂದ ದಿನದ ಮಾತು. ಮಾಯಾ ನಿಮ್ಮ ಮಗಳಿದ್ದಂಗ ಅಲ್ಲೇನು?"

"ಮಗಳ ಖರೇ. ಹಂಗಾರ ಇವರನ್ನ ಸಂಜಿತನಕ ನಿಮ್ಮ ಮನ್ಯಾಗ ಮಲಗಸ್ತೇನಿ. ಯಾರರ ಇಬ್ಬರು ಎತ್ತಾಕ ಬರ್ರಿ."

ಯಾರೂ ಏಳಲಿಲ್ಲ. ಕಾಂತಾ ಅಡಿಗೆಮನೆಯಿಂದ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಣ್ಣಾ, ಮೈಯಾಗಿಲ್ಲದ ಮನಶ್ಯಾನ್ನ ಮದುವಿ ಮನ್ಯಾಗ ಹೆಂಗ ತರೂದು? ವಾಸನಿ ಬರತೈತಿ. ಗಂಡಿನವರು ಯಾರರ ಬಂದ್ರ?" ಪಿಸುಮಾತು ಎಂದು ಅವಳು ತಿಳಿದಿದ್ದಳು. ಬಾಗಿಲಲ್ಲಿದ್ದ ಅಲಕಾ ಅಷ್ಟನ್ನೂ ಕೇಳಿಸಿಕೊಂಡು, "ಇರ್ಲಿ ಬಿಡ್ರಿ" ಎಂದು ತಿರುಗಿ ಹೋದಳು.

ಕಾಂತಾ ನನ್ನ ಬೆನ್ನಿಗೆ ಬಿದ್ದ ತಂಗಿ. ಇವಳು ಲಗ್ನವಾಗಿ ಬಂದಾಗ ಈ ಸ್ಲ್ಯಾಬಿನ ಜಾಗದಲ್ಲಿ ಮಣ್ಣಿನ ಮನೆ ಇತ್ತು. ಒಂದು ಮಳೆಗಾಲದಲ್ಲಿ ಅದರ ಗೋಡೆ ಕುಸಿಯಿತು. ಕಾಂತಾಗೆ ಆಗ ದಿನ ತುಂಬಿದ್ದವು. ಪಂಢರಿನಾಥ ತನ್ನ ಹಾಸಿಗೆ ಎತ್ತಿ ಅಟ್ಟದ ಮೇಲೆ ಹಾಕಿಕೊಂಡು, ಪಡಸಾಲೆ ಇವಳಿಗೆ ಬಿಟ್ಟುಕೊಟ್ಟ. ಮಾಯಾ ಹುಟ್ಟಿದ್ದು ಆ ಹಂಚಿನ ಕೆಳಗೆ. ಬಾಣಂತನದ ನೀರು ಕಾಯಿಸಿದ್ದು ಅಲಕಾ. ಆಗಿನ ವಾಸನೆಗೆ ಆ ಮನೆಯವರು ಯಾರೂ ಮೂಗು ಮುಚ್ಚಲಿಲ್ಲ. ನಾನು ಬುತ್ತಿ ಹೊತ್ತು ಬಂದಾಗ ಕಣ್ಣಾರೆ ನೋಡಿದ್ದೇನೆ. ಕಾಂತಾಗೂ ನೆನಪಿದೆ. ಮರೆತಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಊಟದ ಹೊತ್ತಿಗೆ ಗಾಳಿ ಎದ್ದಿತು. ಮೊದಲು ಓಣಿಯ ಕಸ ಎದ್ದಿತು, ಆಮೇಲೆ ಮಳೆ ಅಡ್ಡಡ್ಡ ಬಂತು. ಪತ್ರಾ ಬಡಿದುಕೊಳ್ಳತೊಡಗಿದವು. ಫ್ಲೆಕ್ಸ್ ಹೊಟ್ಟೆ ಉಬ್ಬಿಸಿ ಎಳೆದಾಗೊಮ್ಮೆ ಹಗ್ಗ ಬಿಗಿಯಾಗಿ ಎದುರಿನ ಸೂರು ಮೇಲಕ್ಕೆ ಏಳುತ್ತಿತ್ತು, ಬಿಟ್ಟಾಗ ಕೂರುತ್ತಿತ್ತು. ಎರಡು ಹಂಚು ಜಾರಿ ಬಿದ್ದವು. ಒಳಗಿನಿಂದ ಪಂಢರಿನಾಥ ಕೂಗಿದ. ಲಕ್ವಾದ ಬಾಯಿಯಿಂದ ಮಾತು ಹೊರಡುವುದಿಲ್ಲ, ದನದ ದನಿ ಬರುತ್ತದೆ. ನಮ್ಮ ಪಡಸಾಲೆಯಲ್ಲಿ ಯಾರೋ ಟೀವಿಯ ಸಪ್ಪಳ ಹೆಚ್ಚು ಮಾಡಿದರು.

ನಾನು ಎದ್ದೆ. ಬಾಗಿಲಲ್ಲಿ ಮಾಯಾ ಅಡ್ಡ ನಿಂತಳು. ಕೈಗೆ ಮೆಹಂದಿ, ಮೈಗೆ ಅರಿಷಿಣ. ಅವಳ ಕಣ್ಣಲ್ಲಿ ನೀರಿತ್ತು.

"ಮಾಮಾ, ಗಂಬ ತಗೀಬ್ಯಾಡ್ರಿ. ಶಹಾಪುರದ ಅತ್ತಿ ಒಂದೊಂದಕ್ಕೂ ಕುಂದ ಇಡತಾಳ. ನಾಳೆ ಒಂದ ಕೂಸ ಆಗೂದು ತಡ ಆದ್ರೂ, ಹಂದರ ಬಿಚ್ಚಿ ಬಂದಾಕಿ ಅಂತಾಳ. ಜಲ್ಮ ಪೂರ್ತಿ ಅಂತಾಳ. ನಾ ಕೇಳಿಸಿಕೊಂಡ ಬಾಳೇವು ಮಾಡಬೇಕು, ನೀವಲ್ಲ."

ಅವಳ ಅಪ್ಪನ ಮೇಲೆ, ನನ್ನ ತಂಗಿಯ ಮೇಲೆ ಬಂದ ಸಿಟ್ಟು ಅವಳ ಮೇಲೆ ಬರಲಿಲ್ಲ. ಅವಳು ಹೇಳಿದ್ದು ಖರೇ. ಶಹಾಪುರದ ಆ ಹೆಣ್ಣುಮಗಳನ್ನು ನಿಶ್ಚಯದ ದಿನ ನೋಡಿದ್ದೆ, ತಾಟಿನ ಸೀರೆಯ ಜರಿಯನ್ನು ಉಗುರಿನಿಂದ ಕೆರೆದು ನೋಡಿದವಳು. ಹುಡುಗಿಗೆ ಏನು ಹೇಳಲಿ? ಎದುರಿನ ಸೂರು ಮತ್ತೊಮ್ಮೆ ಎದ್ದು ಕೂತಿತು. ಮಾತು ಅವಳು ತಾಳಿಯಾಳು, ತೊಲೆಯನ್ನು ಪಂಢರಿನಾಥ ತಾಳಲಾರ.

"ನನ್ನ ಮ್ಯಾಲ ಹಾಕವ್ವಾ. ಮುದುಕಗ ತಲಿ ಕೆಟ್ಟಿತ್ತು ಅನ್ನು" ಎಂದು ಅವಳನ್ನು ಸರಿಸಿ ಹೊರಗೆ ಹೋದೆ.

ಗಂಬ ಹಸಿ ಮಣ್ಣಿನಲ್ಲಿ ಸಡಿಲಾಗಿತ್ತು. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ಕಿತ್ತು, ನೆಲಕ್ಕೆ ಮಲಗಿಸಿದೆ. ಬೀರೇಶ ಕಾಯುತ್ತಿದ್ದವನ ಹಾಗೆ ಕುಡುಗೋಲು ತೆಗೆದುಕೊಂಡು ಅಲಕಾಳ ಏಣಿ ಹತ್ತಿದ. ಹಗ್ಗ ಕಡಿದ ಹಾಗೆಲ್ಲ ಸೂರು ಉಸಿರು ಬಿಟ್ಟಂತೆ ಕೆಳಗೆ ಕೂತಿತು. ಆಗ ಹೊರಗೆ ಓಡಿಬಂದ ನಾಗಲಿಂಗ. ಹುಡುಗಿಯ ಗಂಬದ ಕಡೆ ಅವನು ತಿರುಗಿಯೂ ನೋಡಲಿಲ್ಲ. "ಏ, ಫ್ಲೆಕ್ಸ್, ಫ್ಲೆಕ್ಸ್ ಹಿಡೀರಿ!" ಎಂದು ಕೂಗಿ ಅದರ ಹಗ್ಗಕ್ಕೆ ಜೋತುಬಿದ್ದ. ಪಡಸಾಲೆಯಿಂದ ಮೂರು ನಾಲ್ಕು ನೆಂಟರು ಬಂದು ಹಿಡಿದರು. ಪಂಢರಿನಾಥನನ್ನು ಎತ್ತಲು ಏಳದ ಅವೇ ಕೈಗಳು. ಹಂದರ ಬಾಗಿ ನಮ್ಮ ಮನೆಯ ಕಡೆಗೇ ಮಲಗಿತು, ಪತ್ರಾ ಗಟಾರಕ್ಕೆ ಬಿದ್ದವು. ಫ್ಲೆಕ್ಸ್ ಅವರ ಕೈಯಲ್ಲೇ ಹರಿದು, ಅರ್ಧ ಉಳಿದು, ಅರ್ಧ ಹೋಯಿತು.

"ಮುದುಕಾ, ನನ್ನ ಮಗಳ ಬಾಳೇಕ ಬೆಂಕಿ ಇಟ್ಟಿ" ಎಂದು ನಾಗಲಿಂಗ ಮಳೆಯಲ್ಲಿ ನಿಂತು ಒದರಿದ. ಗಂಬವನ್ನು ಅವನ ಗೋಡೆಗೆ ಆನಿಸಿಟ್ಟು, ಓಣಿ ದಾಟಿ ಅಲಕಾಳ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಂಜೆಯವರೆಗೆ ಗಾಳಿ ಬಡಿಯಿತು. ಹಂಚು ಹೋದಲ್ಲೆಲ್ಲ ನೀರು ಇಳಿಯಿತು. ಅಲಕಾ ಪಾತ್ರೆ ಇಟ್ಟಳು, ತುಂಬಿದ್ದನ್ನು ನಾನು ಚೆಲ್ಲಿದೆ. ಹೆದರಿಕೆಗೆ ಪಂಢರಿನಾಥ ಹಾಸಿಗೆ ಕೆಡಿಸಿಕೊಂಡಿದ್ದ. ಇಬ್ಬರೂ ಸೇರಿ ಅವನನ್ನು ಮಗ್ಗುಲಾಗಿಸಿ ಒರೆಸಿದೆವು. ವಾಸನೆ ಇತ್ತು, ಆದರೆ ಅದು ಮನುಷ್ಯನ ವಾಸನೆ. ಆ ಪಡಸಾಲೆಯಲ್ಲಿ ಮುಂಜಾನೆ ಮೂಗಿಗೆ ಒತ್ತಿಕೊಂಡ ವಸ್ತ್ರ ಇಲ್ಲಿ ಹೆಗಲ ಮೇಲೇ ಉಳಿಯಿತು. ತೊಲೆ ಒಮ್ಮೊಮ್ಮೆ ಕರಕರ ಎಂದಿತು, ಆದರೆ ನಿಂತಿತು.

ಮಳೆ ಸಣ್ಣಗಾದ ಮೇಲೆ ಕಾಂತಾ ಬಂದಳು. ಮುಚ್ಚಿದ ತಾಟು ಹಿಡಿದಿದ್ದಳು. ಹೊಸ್ತಿಲಲ್ಲಿ ನಿಂತು ಸೆರಗು ಮೂಗಿಗೆ ಒತ್ತಿಕೊಂಡು ಮಾತಾಡಿದಳು.

"ಅಣ್ಣಾ, ಆದದ್ದಾತು. ತೂಫಾನಿಗೆ ಬಿತ್ತು ಅಂತ ಗಂಡಿನವರಿಗೆ ಹೇಳೇವಿ. ಬೆಳಗ ಆಗೂದರಾಗ ಮತ್ತ ಹಂದರ ಹಾಕಸ್ತಾರ. ಗಂಬ ನೆಡಾಕ ಗುರುಪುತ್ರಪ್ಪನ್ನ ಕರಸೇವಿ, ಚಿಗವ್ವನ ಮಗ, ಅವನೂ ಮಾಯಾಗ ಮಾವ ಆಗಬೇಕಲ್ಲ. ನೀ… ನೀ ನಾಳೆ ಲಗ್ನಕ್ಕ ಬರಬ್ಯಾಡಂತ. ಇವರ ಸಿಟ್ಟ ಇಳೀಲಿ."

"ಆತು" ಎಂದೆ.

"ಮಾಯಾನೂ ಅಳಾಕತ್ತಾಳ."

"ಪಂಢರಿನಾಥ ಹೆಂಗದಾನ ಅಂತ ಕೇಳಲಿಲ್ಲಲ್ಲವಾ ನೀ."

ಅವಳು ಹಾಸಿಗೆಯ ಕಡೆ ಒಮ್ಮೆ ನೋಡಿದಳು. ಸೆರಗು ಕೆಳಗೆ ಇಳಿಯಲಿಲ್ಲ. "ಕಾಣತದಲ್ಲ ಅಣ್ಣಾ, ಅದಾನ" ಎಂದಳು.

"ತಾಟ ವಾಪಸ ಒಯ್ಯಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಲಕಾ ನಡುವೆ ಬಂದು ತಾಟು ಇಸಕೊಂಡಳು. "ಹಂಗ್ಯಾಕ ದಾದಾ? ತರ್ರಿ ಕಾಂತಾ, ಹೊಸ್ತಿಲ ಮ್ಯಾಲ ನಿಂದರಬ್ಯಾಡ್ರಿ, ನೆನೀತೀರಿ. ಮಾಯಾಗ ನಮ್ಮ ಆಶೀರ್ವಾದ ಹೇಳ್ರಿ. ನಾಳೆ ಹಂದರಕ ಹಗ್ಗ ಬೇಕಾದ್ರ ಇಲ್ಲೇ ಕಟ್ಟಕೊಳ್ರಿ, ಗಾಳಿ ಹ್ವಾತಲ್ಲ."

ಕಾಂತಾ ಹೋದಳು. ನಾನು ಅಲಕಾಳನ್ನು ನೋಡಿದೆ.

"ನೀವ ನಾಳೆ ಬಸ್ ಹತ್ತಿ ಹೋಗತೀರಿ ದಾದಾ" ಎಂದಳು ಅವಳು ತಾಟಿನ ಮುಚ್ಚಳ ತೆಗೆಯುತ್ತ. "ನಾಳೆ ಇವರಿಗೆ ಹೆಚ್ಚುಕಡಿಮಿ ಆದ್ರ ಗಾಡಿ ಇರೂದು ಆ ಮನ್ಯಾಗ. ನಾವಿಲ್ಲೇ ಇರಬೇಕಲ್ಲ."

ಬೂಂದಿ ಉಂಡಿಯನ್ನು ಪುಡಿ ಮಾಡಿ, ಹಾಲಿನಲ್ಲಿ ನೆನೆಸಿ, ಗಂಡನ ಬಾಯಿಗೆ ಇಟ್ಟಳು. ಅವನು ಸೊಟ್ಟ ಬಾಯಿಯಿಂದ ಚಪ್ಪರಿಸಿದ. ಅವಳೂ ಒಂದು ತುತ್ತು ಬಾಯಿಗೆ ಹಾಕಿಕೊಂಡು, "ತುಪ್ಪ ಛಲೋ ಹಾಕ್ಯಾರ" ಎಂದು ನನ್ನ ಕಡೆಗೂ ತಾಟು ಸರಿಸಿದಳು. ಮುಂಜಾನೆಯಿಂದ ಉಂಡಿರಲಿಲ್ಲ. ಒಂದು ಕಾಳು ಬಾಯಿಗೆ ಇಟ್ಟೆ. ಹೊರಗೆ ಹೋಗಿ ಗಟಾರಕ್ಕೆ ಉಗುಳಿ, ಸೂರಿನಿಂದ ಇಳಿಯುವ ನೀರಿಗೆ ಬೊಗಸೆ ಒಡ್ಡಿ ಬಾಯಿ ಮುಕ್ಕಳಿಸಿದೆ.