ಚಂಡಕೇತುವಿನ ಶಾಂತಿಯುತ ಮನವಿ

ಉಡುಪಿ ಬನ್ನಂಜೆಯ ಹಯಗ್ರೀವರು ಹೆದರದ ವಸ್ತು ಈ ಲೋಕದಲ್ಲಿ ಕಡಿಮೆ. ನಾಯಿಗೆ ಹೆದರುತ್ತಾರೆ, ಲಿಫ್ಟಿಗೆ ಹೆದರುತ್ತಾರೆ, ಪಿಂಚಣಿ ಜಮೆಯಾಯಿತು ಎಂದು ಬ್ಯಾಂಕಿನಿಂದ ಬರುವ ಮೆಸೇಜನ್ನೂ ಒಮ್ಮೆ ಹೆದರಿಯೇ ಓದುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ವಿಮಾ ಕಚೇರಿಯಲ್ಲಿ ತಲೆ ನರೆಯುವವರೆಗೆ ಕುಳಿತವರಿಗೆ, ಮನುಷ್ಯನಿಗೆ ಏನೇನು ಆಗಬಹುದು ಎಂಬುದು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಗೊತ್ತಿರುತ್ತದೆ.

ಇಂಥ ಮನುಷ್ಯ ತಾಳಮದ್ದಳೆಯಲ್ಲಿ ರಾಕ್ಷಸ. ತಾಳಮದ್ದಳೆಯೆಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ಕುರ್ಚಿಯಲ್ಲಿ ಕುಳಿತು, ಭಾಗವತರು ಪದ ಮುಗಿಸಿದ ಕೂಡಲೇ ಬಾಯಿಮಾತಿನಲ್ಲೇ ಯುದ್ಧ ಮಾಡಬೇಕು. ಬರೆದುಕೊಂಡು ಬಂದ ಮಾತು ನಡೆಯುವುದಿಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲಿಯೇ, ಪಾತ್ರ ಬಿಡದೆ, ಉತ್ತರ ಕೊಡಬೇಕು. ಆ ಕುರ್ಚಿಯಲ್ಲಿ ಕುಳಿತ ಹಯಗ್ರೀವರ ಸ್ವರ ಕೇಳಿದರೆ ಸಭೆಯ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದವು. ದಿನವಿಡೀ ನುಂಗಿಕೊಂಡ ಮಾತೆಲ್ಲ ಅಲ್ಲಿ ಹೊರಗೆ ಬರುತ್ತಿತ್ತು. ಹೆದರಿಕೆ ಇಲ್ಲದ ಜಾಗ ಅಂತ ಅವರಿಗೆ ಇದ್ದದ್ದು ಅದೊಂದೇ, ಮತ್ತು ಅದನ್ನು ಅವರು ಜೀವದಷ್ಟು ಪ್ರೀತಿಸುತ್ತಿದ್ದರು.

ಅವರ ತಂಡದ ಮೂವರು ಮೂರು ದಿಕ್ಕಿನಲ್ಲಿದ್ದರು. ಹಯಗ್ರೀವರು ಉಡುಪಿಯಲ್ಲಿ, ಪ್ರಸಂಗದ ಪದ್ಯ ಬರೆಯುವ ಕಾಲೇಜು ಮೇಷ್ಟ್ರು ಅನಂತೇಶ ಮಣಿಪಾಲದಲ್ಲಿ, ದೇವತೆಗಳ ಪಾತ್ರ ಮಾಡುವ ಗುಣವತಿ ಕಾಪುವಿನಲ್ಲಿ. ಆದ್ದರಿಂದ ಮಾತಿನ ಕುಸ್ತಿಗೆ ಒಂದು ವಾಟ್ಸ್ಯಾಪ್ ಗ್ರೂಪು ಮಾಡಿಕೊಂಡಿದ್ದರು. ಹಿರಿಯರೆಂಬ ಗೌರವಕ್ಕೆ ಹಯಗ್ರೀವರನ್ನೇ ಅಡ್ಮಿನ್ ಮಾಡಿದ್ದರು. ಒಬ್ಬರು ಧ್ವನಿ ಕಳಿಸಿ ಕೆಣಕಿದರೆ ಇನ್ನೊಬ್ಬರು ಧ್ವನಿಯಲ್ಲೇ ತಿರುಗಿ ಹೊಡೆಯುವುದು. ಗುಣವತಿಗೆ ಟೈಲರ್ ಅಂಗಡಿ, ಹಾಗಾಗಿ ಅವರ ದೇವೇಂದ್ರ ಎಷ್ಟು ಗಂಭೀರವಾಗಿ ಮಾತಾಡಿದರೂ ಹಿಂದಿನಿಂದ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು. ಹಯಗ್ರೀವರ ಯುದ್ಧ ನಡೆಯುತ್ತಿದ್ದದ್ದು ಕಾರ್ಕಳದ ತಂಗಿ ಮನೆಗೆ ಹೋಗುವ ಬಸ್ಸಿನಲ್ಲಿ. ಪರ್ಕಳದಲ್ಲಿ ಅಮರಾವತಿಗೆ ಬೆಂಕಿ ಇಟ್ಟು, ಹಿರಿಯಡ್ಕದಲ್ಲಿ ಐರಾವತದ ದಂತ ಮುರಿದು, ಬೈಲೂರು ಬರುವಷ್ಟರಲ್ಲಿ ದೇವಲೋಕವನ್ನು ಪೂರ್ತಿ ವಶಕ್ಕೆ ತೆಗೆದುಕೊಳ್ಳುತ್ತಿದ್ದರು. ಎರಡು ತುದಿಗಳ ನಡುವೆ ಈ ಮಾತನ್ನು ಯಾರೂ ಕೇಳಲಾರರು ಎಂದು ಆ್ಯಪು ಭರವಸೆ ಕೊಡುತ್ತದೆ. ಬಸ್ಸಿನಲ್ಲಿ ಎರಡು ತುದಿಗಳ ನಡುವೆ ಐವತ್ತು ಜನ ಕುಳಿತಿರುತ್ತಾರೆ ಎಂಬುದು ಆ್ಯಪು ಮಾಡಿದವರಿಗೆ ಹೇಗೆ ಗೊತ್ತಾಗಬೇಕು.

ಕಾರ್ಕಳದಲ್ಲಿ 'ಚಂಡಕೇತು ಕಾಳಗ' ಎಂಬ ಹೊಸ ಪ್ರಸಂಗ ನಿಶ್ಚಯವಾಯಿತು. ಪದ್ಯ ಅನಂತೇಶನದು, ದೈತ್ಯ ಚಂಡಕೇತು ಹಯಗ್ರೀವರದು. ಕೆಡುಕಾದದ್ದು ಅದೇ ವಾರ ಸೋದರಳಿಯ ಸುಘೋಷ ಊಟಕ್ಕೆ ಬಂದಾಗ. ಸುಘೋಷ ಉಡುಪಿ ಕೋರ್ಟಿನಲ್ಲಿ ಹೊಸ ವಕೀಲ, ಕಲಿತದ್ದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಅನ್ನ ಇಳಿಯದ ವಯಸ್ಸು. ಎಲ್ಲಿಯೋ ಒಬ್ಬ ಹುಡುಗ ಮೊಬೈಲಿನಲ್ಲಿ ಏನನ್ನೋ ಕಳಿಸಿ, ಭಯೋತ್ಪಾದನೆ ತಡೆಯುವ ಕಾನೂನಿನಲ್ಲಿ ಒಳಗೆ ಹೋದ ಕಥೆಯನ್ನು ಸಾರಿನ ಜೊತೆ ಬಡಿಸಿದ.

"ಕಳಿಸಿದ ಮಾತ್ರಕ್ಕೆ ಭಯೋತ್ಪಾದನೆ ಆಗುತ್ತದಾ?" ಹಯಗ್ರೀವರ ಕೈ ಎಲೆಯಲ್ಲೇ ನಿಂತಿತು.

"ಜನರಿಗೆ ಭಯ ಹುಟ್ಟಿಸುವ ಉದ್ದೇಶ ಬೇಕು ಅಂತ ಉಂಟು ಮಾವ. ಉದ್ದೇಶ ಇಲ್ಲದಿದ್ದರೂ ಭಯ ಹುಟ್ಟುವ ಸಂಭವ ಇದ್ದರೆ ಸಾಕು ಅಂತಲೂ ಉಂಟು."

"ಸಂಭವ ಅಂದರೆ ಎಷ್ಟು?"

"ಅದನ್ನೇ ಕೋರ್ಟಿನಲ್ಲಿ ವರ್ಷಗಟ್ಟಲೆ ಮಾತಾಡುವುದು. ಅಷ್ಟರವರೆಗೆ ಮೊಬೈಲು ಅವರ ಹತ್ತಿರ, ಮನುಷ್ಯ ಒಳಗೆ. ಜಾಮೀನು ಸುಲಭದಲ್ಲಿ ಸಿಗುವುದಿಲ್ಲ."

"ಗ್ರೂಪಿನ ಅಡ್ಮಿನ್ ಆದವನಿಗೆ?"

"ಬೇರೆಯವರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಅಲ್ಲ ಅಂತ ಹೈಕೋರ್ಟುಗಳು ಹೇಳಿದ್ದುಂಟು. ಸಾಮಾನ್ಯವಾಗಿ ಎಂತದೂ ಆಗುವುದಿಲ್ಲ. ಸ್ವಲ್ಪ ಮಜ್ಜಿಗೆ ಹಾಕಿ ಅತ್ತೆ."

ಹೈಕೋರ್ಟು ಹೇಳಿದ್ದು ಹಯಗ್ರೀವರ ಕಿವಿಗೆ ಬೀಳಲಿಲ್ಲ. ಬಿದ್ದದ್ದು 'ಸಾಮಾನ್ಯವಾಗಿ' ಮಾತ್ರ. ವಿಮಾ ಕಚೇರಿಗೆ ಬಂದವರೆಲ್ಲ ಸಾಮಾನ್ಯವಾಗಿ ಆಗದ್ದು ಆಗಿಯೇ ಬಂದವರು.

ಊಟವಾದ ಮೇಲೆ ಅವರು ಕೋಣೆ ಸೇರಿ ತಮ್ಮದೇ ಧ್ವನಿಗಳನ್ನು ಕೇಳಲು ಕುಳಿತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಇಲ್ಲಿಯಂತೂ ಹೆಗಲ ಮೇಲೆ ಕುಂಬಳಕಾಯಿಯೇ ಇತ್ತು. ರಾಜಧಾನಿಗೆ ಬೆಂಕಿ. ಕೋಟೆಗೆ ಮುತ್ತಿಗೆ. ನೀರಿನ ಕಾಲುವೆಗೆ ವಿಷ. ಸಿಂಹಾಸನದ ಕಾಲು ಹಿಡಿದು ಎಳೆಯುವುದು. ಎಲ್ಲ ಅವರದೇ ಸ್ವರದಲ್ಲಿ, ಸ್ಪಷ್ಟ ಉಚ್ಚಾರಣೆಯಲ್ಲಿ, ನಡುವೆ "ಹಿರಿಯಡ್ಕ ಇಳಿಯುವವರು ಮುಂದೆ ಬನ್ನಿ" ಎಂಬ ಕಂಡಕ್ಟರನ ಸಾಕ್ಷಿಯ ಸಮೇತ. ಎಲ್ಲರ ಮೊಬೈಲಿನಿಂದಲೂ ಅಳಿಸೋಣವೆಂದರೆ ಅವಧಿ ಮೀರಿತ್ತು. ತಮ್ಮದರಿಂದ ಮಾತ್ರ ಅಳಿಸಿ, ಸುಘೋಷನಿಗೆ ಫೋನು ಮಾಡಿದರು. ಅಳಿಸಿದರೆ ಸಾಕ್ಷ್ಯ ನಾಶ ಅಂತಲೂ ಹೇಳಬಹುದು ಎಂದ ಆ ಪುಣ್ಯಾತ್ಮ. ಗುಟ್ಟಿನ ಬೇರೆ ಆ್ಯಪಿಗೆ ಹೋದರೆ ಹೇಗೆ ಎಂದು ಕೇಳಿದರೆ, "ಅಡಗಿಸುವುದು ಎಂತಕ್ಕೆ ಅಂತ ಕೇಳುತ್ತಾರೆ ಮಾವ" ಎಂದ. ಇಟ್ಟರೆ ತಪ್ಪು, ಅಳಿಸಿದರೆ ತಪ್ಪು, ಮುಚ್ಚಿದರೆ ತಪ್ಪು. ಬಾಯಿ ಇದ್ದದ್ದೇ ತಪ್ಪು ಎಂಬಲ್ಲಿಗೆ ಹಯಗ್ರೀವರು ತಾವಾಗಿಯೇ ಬಂದು ಮುಟ್ಟಿದರು.

ಮರುದಿನ ಗ್ರೂಪಿನಲ್ಲಿ ನಿಯಮ ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಆರಂಭಿಸಿ, ಇನ್ನು ಮುಂದೆ ಬೆಂಕಿ, ಮುತ್ತಿಗೆ, ಆಯುಧ ಮತ್ತು ರಾಜಧಾನಿಗಳ ಉಲ್ಲೇಖ ಕೂಡದು, ದೈತ್ಯರು ತಮ್ಮ ಅಭಿಪ್ರಾಯವನ್ನು ಸಭ್ಯವಾಗಿ ಮಂಡಿಸತಕ್ಕದ್ದು ಎಂದು ಮುಗಿದಿತ್ತು. ಅನಂತೇಶ ಕಣ್ಣೀರು ಸುರಿಸಿ ನಗುವ ಮುಖಗಳನ್ನು ಸಾಲಾಗಿ ಕಳಿಸಿದ. ಗುಣವತಿ ಫೋನನ್ನೇ ಮಾಡಿದರು. ಯಂತ್ರ ನಿಂತಿತ್ತು, ಅಂದರೆ ಸಿಟ್ಟು ನಿಜವಾದದ್ದು.

"ನೀವು ಬೆಂಕಿ ಇಡದಿದ್ದರೆ ನಾನು ನಂದಿಸುವುದು ಎಂತದನ್ನು? ದೇವೇಂದ್ರ ಸುಮ್ಮನೆ ಸಿಂಹಾಸನದಲ್ಲಿ ಕೂತು ಗಾಳಿ ಹಾಕಿಸಿಕೊಳ್ಳುವುದಾ?"

"ಕಾಲ ಸರಿ ಇಲ್ಲ ಗುಣವತಿ. ಈಗ ಮೊಬೈಲೇ ಸಾಕ್ಷಿ."

"ನಿಮಗೆ ಯಾರಾದರೂ ಎಂತಾದರೂ ಹೇಳಿದ್ದಾರಾ?"

"ಇಲ್ಲ. ಹೇಳುವ ಸಂಭವ ಉಂಟು."

ಹೆದರುವವರ ಮೇಲೆ ಹಾವು ಎಸೆದರು ಎಂಬ ಹಾಗೆ, ಅದೇ ಸಂಜೆ ಪೇಟೆಯಲ್ಲಿ ಕಾನ್‌ಸ್ಟೇಬಲ್ ಮುದ್ದಣ್ಣ ಎದುರಾದ. ಬಾಳೆಹಣ್ಣು ಕೊಳ್ಳುತ್ತಿದ್ದವನು ತಿರುಗಿ, "ಎಂತ ಮಾರಾಯ್ರೆ, ಈಗ ನಿಮ್ಮ ಆಡಿಯೋ ಬರುವುದೇ ಇಲ್ಲ?" ಎಂದ. ಮುದ್ದಣ್ಣನ ಭಾವ ಅನಂತೇಶನ ಸ್ನೇಹಿತ. ಆ ಭಾವನಿಂದ ಇವನಿಗೆ ಆಡಿಯೋ ಬರುತ್ತಿತ್ತು, ಬಂದೋಬಸ್ತಿಗೆ ನಿಂತಲ್ಲಿ ಬೇಸರ ಕಳೆಯಲು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದ, ಅಷ್ಟೇ ವಿಷಯ. ಮುದ್ದಣ್ಣ ಅದನ್ನು ವಿವರವಾಗಿ ಹೇಳಿಯೂ ಹೇಳಿದ. ಆದರೆ ಹಯಗ್ರೀವರು ಆಗಲೇ ಹಣ್ಣಿನವನ ಹತ್ತಿರ ವಿನಾಕಾರಣ ಕ್ಷಮೆ ಕೇಳಿ ರಸ್ತೆ ದಾಟಿದ್ದರು.

ಭಾನುವಾರ ಮಧ್ಯಾಹ್ನ ಕಾರ್ಕಳದ ಸಭಾಭವನ ತುಂಬಿತ್ತು. ಕೂಟವನ್ನು ಇಂಟರ್‌ನೆಟ್ಟಿಗೆ ಹಾಕುವವನು ಅನಂತೇಶ, ಆದ್ದರಿಂದ ಎದುರಿಗೇ ಕ್ಯಾಮರಾ ನಿಲ್ಲಿಸಿದ್ದ. ಅದರ ಕೆಂಪು ದೀಪ ಹಯಗ್ರೀವರನ್ನೇ ನೋಡುತ್ತಿತ್ತು. ಮೂರನೆಯ ಸಾಲಿನಲ್ಲಿ ಮುದ್ದಣ್ಣ, ರಜೆ ಹಾಕಿ ಬಂದವನು, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಭಾಗವತರು ಚಂಡಕೇತು ಅಮರಾವತಿಯ ಬಾಗಿಲಿಗೆ ನುಗ್ಗುವ ಪದವನ್ನು ಏರುಸ್ವರದಲ್ಲಿ ಹಾಡಿದರು, ಚೆಂಡೆ ಗುಡುಗಿ ನಿಂತಿತು, ಸಭೆ ಉಸಿರು ಹಿಡಿಯಿತು.

"ಮಾನ್ಯ ದೇವೇಂದ್ರರೇ," ಎಂದರು ಹಯಗ್ರೀವರು. "ಅಮರಾವತಿಯ ಆಡಳಿತದ ಕುರಿತು ನಮ್ಮಲ್ಲಿ ಕೆಲವು ಅಸಮಾಧಾನಗಳಿವೆ. ಯಾರಿಗೂ ತೊಂದರೆಯಾಗದಂತೆ ಅವನ್ನು ತಮ್ಮ ಗಮನಕ್ಕೆ ತರಲು ಬಂದಿದ್ದೇನೆ. ಹೊರಗೆ ನಿಂತಿರುವುದು ಸೈನ್ಯವಲ್ಲ, ಹಿತೈಷಿಗಳು. ನನ್ನ ಕೈಯಲ್ಲಿರುವುದು ಗದೆಯಲ್ಲ, ಊರುಗೋಲು. ವಯಸ್ಸಾಯಿತು."

ಜನ ಹೊಟ್ಟೆ ಹಿಡಿದು ನಕ್ಕರು. ಹೊಸ ಬಗೆಯ ಹಾಸ್ಯ ಎಂದುಕೊಂಡರು. ಎರಡನೆಯ ಪದಕ್ಕೂ ಅದೇ ಬಂದಾಗ ನಗು ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಚಂಡಕೇತು, ತಾನು ಮಾತಾಡಿದ್ದರಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದಾಗ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು ಚಪ್ಪಲಿ ಹುಡುಕಲು ಹೋದರು. ಹಯಗ್ರೀವರು ಅದನ್ನು ಕಂಡರು. ತಮ್ಮ ಕುರ್ಚಿ ತಮ್ಮ ಕೆಳಗಿನಿಂದ ಜಾರಿ ಹೋಗುತ್ತಿದೆ ಎಂದು ಗೊತ್ತಾಗಿಯೂ ಅದನ್ನು ಹಿಡಿಯುವ ಧೈರ್ಯ ಬರಲಿಲ್ಲ.

ಗುಣವತಿ ಶಾಲು ಸರಿಪಡಿಸಿಕೊಂಡರು. ಪಾತ್ರ ಬಿಟ್ಟು ಬೈಯುವ ಹಾಗಿಲ್ಲ, ಬಿಡದೆ ಕೇಳಬಹುದು.

"ದಾನವೇಂದ್ರಾ, ನಾನು ಇನ್ನೂ ಬಾಣ ಹೂಡಿಲ್ಲ. ನನ್ನ ವಜ್ರಾಯುಧ ಆಯುಧಶಾಲೆಯಲ್ಲಿದೆ. ನನ್ನ ದ್ವಾರಪಾಲಕರು ನಿನ್ನನ್ನು ತಡೆಯಲೂ ಇಲ್ಲ. ಹೀಗಿರುವಾಗ ನಿನ್ನ ಬಾಯಿ ಕಟ್ಟಿದವರು ಯಾರು? ಹೇಳು."

ಕೇಳಿದ ಮೇಲೆ ಹೇಳಲೇಬೇಕು, ಅದು ಆ ಕುರ್ಚಿಯ ಕಟ್ಟಳೆ. ಹೇಳದೆ ಎದ್ದ ರಾಕ್ಷಸ ಆ ಸೀಮೆಯಲ್ಲಿ ಮತ್ತೆ ಮುಖ ತೋರಿಸುವ ಹಾಗಿಲ್ಲ. ಹಯಗ್ರೀವರು ಸುಳ್ಳು ಹುಡುಕಿದರು. ಸಿಗಲಿಲ್ಲ.

"ಯಾರೂ ಕಟ್ಟಲಿಲ್ಲ," ಎಂದರು ಸಣ್ಣ ಸ್ವರದಲ್ಲಿ. "ನಾನೇ ಕಟ್ಟಿಕೊಂಡೆ." ಆ ಮಾತು ಹೊರಗೆ ಬಿದ್ದದ್ದೇ ಎದೆಯಲ್ಲಿ ಎಲ್ಲಿಯೋ ಸಿಕ್ಕಿಕೊಂಡಿದ್ದದ್ದು ಬಿಟ್ಟಿತು. ಬೆನ್ನು ನೆಟ್ಟಗಾಯಿತು. "ಕೇಳು ದೇವೇಂದ್ರ. ಆಯುಧ ಬೀಸಿ ಗೆದ್ದ ಅರಸರನ್ನು ನಾನು ಕಂಡಿದ್ದೇನೆ. ಆಯುಧದ ಸುದ್ದಿಯಿಂದಲೇ ಗೆದ್ದವನು ನೀನೊಬ್ಬ. ನಿನ್ನ ವಜ್ರಾಯುಧ ನನ್ನ ತಲೆಯ ಮೇಲೆ ಬೀಳಲಿಲ್ಲ, ಅದು ಬೀಳುವ ಸಂಭವ ಬಿತ್ತು. ಅಷ್ಟಕ್ಕೇ ನಾನು ನನ್ನ ಮನೆಯೊಳಗೆ ಪಿಸುಗುಟ್ಟಿದೆ, ನನ್ನ ನೆರಳಿನ ಹತ್ತಿರ ಕ್ಷಮೆ ಕೇಳಿದೆ. ಸಾಕು. ಮುಚ್ಚಿಕೋ ನಿನ್ನ ಕೋಟೆಯ ಬಾಗಿಲು. ಈ ಚಂಡಕೇತು ನಿನ್ನ ಅಮರಾವತಿಗೆ ಬೆಂಕಿ ಇಡುತ್ತಾನೆ. ಐರಾವತದ ದಂತ ಕಿತ್ತು ಹಲ್ಲುಕಡ್ಡಿ ಮಾಡುತ್ತಾನೆ."

ಮುಂದೆ ಹದಿನೈದು ನಿಮಿಷ ಅವರು ನಿಲ್ಲಲಿಲ್ಲ. ಚಪ್ಪಲಿ ಹುಡುಕಲು ಹೋದ ಮುದುಕರು ಒಂದು ಕಾಲಿಗೆ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತರು. ಚಪ್ಪಾಳೆ ಮೊದಲು ಬಂದದ್ದು ಮೂರನೆಯ ಸಾಲಿನಿಂದ. ಗುಣವತಿ ಮನಸಾರೆ ಯುದ್ಧ ಮಾಡಿ, ಕಥೆಯ ಪ್ರಕಾರ ಕೊಂದರು. ಅಷ್ಟು ಸಂತೋಷದಿಂದ ಸತ್ತ ದೈತ್ಯ ಕಾರ್ಕಳದಲ್ಲಿ ಹಿಂದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ವೀಡಿಯೋ ಬಂತು. ಹಯಗ್ರೀವರು ಕಾಫಿ ಹಿಡಿದು, ಹೆಂಡತಿ ಶ್ರೀಮತಿಯನ್ನು ಕರೆದು ಕೂರಿಸಿ, ಮೊಬೈಲನ್ನು ಟಿಪಾಯಿಯ ಮೇಲೆ ಒರಗಿಸಿ ಇಟ್ಟರು. ಊರುಗೋಲಿನ ಮಾತು ಬಂತು, ವಿಷಾದ ಬಂತು, ಗುಣವತಿಯ ಪ್ರಶ್ನೆ ಬಂತು. "ನಾನೇ ಕಟ್ಟಿಕೊಂಡೆ" ಎಂದ ಮೇಲೆ ಧ್ವನಿ ಹೋಯಿತು. ಪರದೆಯ ಮೇಲೆ ಹಯಗ್ರೀವರು ಕೈ ಎತ್ತುತ್ತಿದ್ದರು, ತೋಳು ತಟ್ಟುತ್ತಿದ್ದರು, ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ಕೆಳಗೆ 'ತಾಂತ್ರಿಕ ಕಾರಣದಿಂದ ಧ್ವನಿ ಇಲ್ಲ' ಎಂಬ ಅಕ್ಷರಗಳು ಓಡುತ್ತಿದ್ದವು.

"ಸೌಂಡ್ ಜಾಸ್ತಿ ಮಾಡಿ," ಎಂದರು ಶ್ರೀಮತಿ.

ಹಯಗ್ರೀವರು ಅನಂತೇಶನಿಗೆ ಫೋನು ಮಾಡಿದರು. ಅವನು ನಾಚಿಕೆಯಿಂದಲೇ ಮಾತಾಡಿದ.

"ಧ್ವನಿ ನಾನೇ ತೆಗೆದದ್ದು. ಸಿಕ್ಕಾಪಟ್ಟೆ ಒಳ್ಳೆಯದಾಗಿತ್ತು, ಅದೇ ತೊಂದರೆ. ಯಾರಾದರೂ ಅಷ್ಟನ್ನೇ ಕತ್ತರಿಸಿ ಕಳಿಸಿದರೆ? ನನಗೆ ಕಾಲೇಜು ಉಂಟು, ಮಗು ಉಂಟು. ನಿಮ್ಮ ನಿಯಮ ನೋಡಿ ನಾನು ನಗಾಡಿದ್ದು ತಪ್ಪು. ನೀವು ಹೇಳಿದ್ದೇ ಸರಿ ಅಂತ ಆಯ್ತು, ಅಲ್ವಾ?"

ಯಾವ ಪೊಲೀಸನೂ ಮಣಿಪಾಲಕ್ಕೆ ಹೋಗಿರಲಿಲ್ಲ, ಯಾವ ಕಾನೂನೂ ಅನಂತೇಶನ ಮನೆಯ ಗಂಟೆ ಒತ್ತಿರಲಿಲ್ಲ. ಈ ಜ್ವರವನ್ನು ಅವನಿಗೆ ಹಚ್ಚಿದವರು ಹಯಗ್ರೀವರೇ. ಅವರಿಗೆ ಬಹಳ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಫೋನು ಇಟ್ಟು, ವೀಡಿಯೋವನ್ನು ಧ್ವನಿ ಹೋದ ಜಾಗಕ್ಕೆ ತಿರುಗಿಸಿ ಮತ್ತೆ ಬಿಟ್ಟರು. ಪರದೆಯ ಬಾಯಿ ತೆರೆಯಿತು. ಅದರ ಜೊತೆಗೇ ಟಿಪಾಯಿಯ ಈಚೆ ಇವರೂ ಬಾಯಿ ತೆರೆದರು.

"ಕೇಳು ದೇವೇಂದ್ರ."

ಪಕ್ಕದ ಮನೆಯ ಕುಕ್ಕರ್ ಸಹ ಸುಮ್ಮನಾಯಿತು. ರಸ್ತೆಯಲ್ಲಿ ಹಾಲಿನವನು ಸ್ಕೂಟರ್ ನಿಲ್ಲಿಸಿ ಇತ್ತ ನೋಡಿದ. ಶ್ರೀಮತಿ ಗಡಿಬಿಡಿಯಿಂದ ಎದ್ದು ಕಿಟಕಿಯ ಬಾಗಿಲಿಗೆ ಕೈ ಹಾಕಿದರು.

"ಮುಚ್ಚಬೇಡ," ಎಂದರು ಹಯಗ್ರೀವರು.

ಅದು ಚಂಡಕೇತುವಿನ ಸ್ವರವಲ್ಲ. ಶ್ರೀಮತಿ ತಿರುಗಿ ಗಂಡನ ಮುಖ ನೋಡಿದರು. ಕಾಫಿ ತಟ್ಟೆಗೆ ತುಳುಕಿತ್ತು, ಆದರೆ ದೃಷ್ಟಿ ಕದಲಲಿಲ್ಲ. ಶ್ರೀಮತಿ ಕಿಟಕಿಯ ಇನ್ನೊಂದು ಬಾಗಿಲನ್ನೂ ಪೂರ್ತಿ ತೆರೆದು ಬಂದು, ಕುರ್ಚಿ ಎಳೆದು ಕುಳಿತರು.

"ಮೊದಲಿನಿಂದ ಹೇಳಿ," ಎಂದರು. "ಆಗ ನನಗೆ ಸರಿಯಾಗಿ ಕೇಳಲಿಲ್ಲ."